ಮೂರನೆಯ ಗುಂಡು

ಸ್ಟೋನ್ ಲಿಕ್, ವೆಸ್ಟ್ ವರ್ಜಿನಿಯಾ
ಬುಧವಾರ, ಮಾರ್ಚ್ 9, 2016

ವಿಲ್ಡಾ,

ಈ ಕಾಗದವನ್ನು ಒಲೆಗೆ ಹಾಕುವುದಿದ್ದರೆ ಹಾಕು, ಬೇಡ ಅನ್ನುವುದಿಲ್ಲ. ಮೊದಲ ಪುಟ ಓದಿ ಆಮೇಲೆ ಹಾಕು.

ನಿನ್ನ ಅಕ್ಕ ಮೇಸಲ್ ಮಂಚದ ಪಕ್ಕದ ಡ್ರಾಯರಿನಲ್ಲಿ ಒಂದು ಪಿಸ್ತೂಲು ಇಟ್ಟುಕೊಂಡಿದ್ದಾಳಲ್ಲ, ಹೋದ ಸೆಪ್ಟೆಂಬರಿನಲ್ಲಿ ನಾನೇ ಮಾರಿದ ನೀಲಿ ಡಬ್ಬಿಯದು, ಈಗಲೇ ಎದ್ದು ಹೋಗಿ ಅದನ್ನು ಖಾಲಿ ಮಾಡು. ಹಿಡಿಯೊಳಗಿನ ಗುಂಡಿನ ಮ್ಯಾಗಜೀನ್ ಹೊರಗೆ ತೆಗೆ, ಮೇಲೆ ಜಾರುವ ಸ್ಲೈಡ್ ಹಿಂದಕ್ಕೆಳೆದು ನಳಿಗೆಯಲ್ಲಿ ಇನ್ನೊಂದು ಗುಂಡು ಉಳಿದಿಲ್ಲ ಎಂದು ಕಣ್ಣಿಂದ ನೋಡು, ಬೆರಳಿಂದ ಮುಟ್ಟಿ ನೋಡು. ನಿನಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಗೊತ್ತು. ಆದರೂ ಬರೆದೆ. ಆಮೇಲೆ ಅದನ್ನು ಹಿಟ್ಟಿನ ಡಬ್ಬದೊಳಗೋ ಎಲ್ಲಿಗೋ ತುರುಕು. ಅದು ಕೆಲಸಕ್ಕೆ ಬರುವುದಿಲ್ಲ. ಮೇಸಲ್‌ಳ ಕೈಯಲ್ಲೂ ಬರುವುದಿಲ್ಲ, ನಿನ್ನ ಕೈಯಲ್ಲೂ ಬರುವುದಿಲ್ಲ. ನಿಮ್ಮ ರಸ್ತೆಯಲ್ಲಿ ಯಾವನೋ ಬಾಗಿಲು ಒದ್ದು ಒಳಗೆ ನುಗ್ಗುತ್ತಿದ್ದಾನೆ, ಎರಡು ಮನೆ ಆಯಿತು ಎಂದು ಪಕ್ಕದ ಮನೆಯ ಹೋಬರ್ಟ್ ಹೇಳಿದ. ಅವನು ಮೂರನೆಯ ಬಾಗಿಲಿಗೆ ಬಂದಾಗ ನೀವಿಬ್ಬರು ಮುದುಕಿಯರು ಆ ಪಿಸ್ತೂಲನ್ನು ನೆಚ್ಚಿಕೊಂಡು ನಿಂತಿರಬಾರದು. ಮೇಸಲ್‌ಳ ಗಂಡ ಬಿಟ್ಟುಹೋದ ಜೋಡಿನಳಿಗೆ ಬಂದೂಕು ಕೋಟುಗಳ ಹಿಂದೆ ಇದೆ. ತುಕ್ಕು ಹಿಡಿದಿದ್ದರೂ ಅದೇ ವಾಸಿ. ಶನಿವಾರದವರೆಗೆ ಅದನ್ನು ಬಾಗಿಲ ಪಕ್ಕ ಇಟ್ಟುಕೊಳ್ಳಿ.

ಇದನ್ನು ಫೋನಿನಲ್ಲೇ ಹೇಳುತ್ತಿದ್ದೆ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಮೇಸಲ್ಲೇ ಎತ್ತಿದಳು. ಮೊದಲ ಸಲ, “ವಿಲ್ಡಾ ಸ್ನಾನಕ್ಕೆ ಹೋಗಿದಾಳೆ.” ಎರಡನೆಯ ಸಲವೂ ಸ್ನಾನ. “ಎಷ್ಟೊತ್ತೇ ನೆನೀತಾಳೆ, ಅವಳೇನು ಮೀನಾ?” ಅಂದೆ, ಇಟ್ಟುಬಿಟ್ಟಳು. ಮೂರನೆಯ ಸಲ ನನ್ನ ಉಸಿರು ಕೇಳಿಯೇ ಇಟ್ಟಳು. ನಾಲ್ಕನೆಯ ಸಲ “ಮೇಸಲ್, ನಿನ್ನ ಪಿಸ್ತೂಲು...” ಅನ್ನುವಷ್ಟರಲ್ಲಿ, “ಪಿಸ್ತೂಲಿನ ಸುದ್ದಿ ಎತ್ತಿದ್ರೆ ನೋಡು ಮುದಿಯಾ, ಅವತ್ತು ಚರ್ಚಿನ ಅಂಗಳದಲ್ಲಿ ಮಾತಾಡಿದ್ದು ಸಾಲದಾ?” ಎಂದು ಫೋನನ್ನು ಅದೆಷ್ಟು ಜೋರಾಗಿ ಕುಕ್ಕಿದಳೆಂದರೆ ನನ್ನ ಕಿವಿ ಸಾಯಂಕಾಲದವರೆಗೆ ಗುಂಯ್‌ಗುಟ್ಟಿತು. ಹೋಬರ್ಟ್‌ಗೆ ಶನಿವಾರದ ತನಕ ಮಿಲ್ಲಿನಿಂದ ರಜೆ ಇಲ್ಲ, ನಿಮ್ಮಲ್ಲಿಗೆ ಬಂದು ಹೋಗಲು ಒಂದು ಸಂಜೆ ಸಾಲದು. ನನಗೆ ಡಾಕ್ಟರು ಗಾಡಿ ಓಡಿಸಬೇಡ ಅಂದಿದ್ದಾನೆ. ಅದಕ್ಕೇ ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ ಅರವತ್ತು ವರ್ಷದ ಮೇಲೆ ಕೂತು ಎಡಗೈಯಲ್ಲಿ ಕಾಗದ ಬರೆಯುತ್ತಿದ್ದಾನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಸಹಿಸಿಕೊ.

ಈಗ ಯಾಕೆ ಎಂದು ಹೇಳಬೇಕು. ನಿನಗೆ ಗೊತ್ತಿರುವುದರಿಂದಲೇ ಶುರುಮಾಡುತ್ತೇನೆ. ಗೊತ್ತಿಲ್ಲದ್ದನ್ನು ಬರೆಯಲು ಇನ್ನೂ ಕೈ ಬರುತ್ತಿಲ್ಲ.

ಆರುನೂರು ಡಾಲರಿನ ಪಿಸ್ತೂಲನ್ನು ಯಾವ ಪೆದ್ದನಾದರೂ ಒಳ್ಳೆಯದು ಅನ್ನಬಲ್ಲ. ಇನ್ನೂರರ ಒಳಗಿನದಕ್ಕೆ ಕಣ್ಣು ಬೇಕು. ಅದನ್ನು ಕೊಳ್ಳುವವರು ಯಾರು? ವೃದ್ಧಾಶ್ರಮದಲ್ಲಿ ಮುದುಕರ ಬಟ್ಟೆ ಬದಲಿಸುವ ಹೆಂಗಸು, ಗಣಿ ಮುಚ್ಚಿ ಮನೆಯಲ್ಲಿ ಕೂತವನು, ಗಂಡ ಸತ್ತು ಬೆಟ್ಟದ ಬುಡದಲ್ಲಿ ಒಂಟಿಯಾದವಳು. ಅದು ಕೈಕೊಟ್ಟರೆ ಇನ್ನೊಂದು ಕೊಳ್ಳುವ ಶಕ್ತಿ ಅವರಿಗಿಲ್ಲ. ಈಗ ಗಡ್ಡ ಬಿಟ್ಟ ಹುಡುಗರು ವಿಡಿಯೊ ಮಾಡುತ್ತಾರೆ, ಐವತ್ತು ಗುಂಡು ಹೊಡೆದು “ಈ ಬೆಲೆಗೆ ಇದು ಸೂಪರ್ ಗುರು” ಅನ್ನುತ್ತಾರೆ. ಐವತ್ತು ಗುಂಡಿಗೆ ಪಿಸ್ತೂಲಿನ ಬಣ್ಣ ಗೊತ್ತಾಗುತ್ತದೆ, ಗುಣ ಗೊತ್ತಾಗುವುದಿಲ್ಲ. ಅಲ್ಲಾಡಿಸಿದರೆ ಗಡಗಡ ಅನ್ನುವುದು ಕೆಟ್ಟದ್ದು ಅನ್ನುತ್ತಾರೆ. ಸುಳ್ಳು. ಸ್ವಲ್ಪ ಸಡಿಲ ಇರುವುದೇ ಕೊಳೆ ಕೂತ ಮೇಲೂ ಓಡುತ್ತದೆ. ಅರದ ಗುರುತು ಕಂಡರೆ ಮೂಗು ಮುರಿಯುತ್ತಾರೆ. ಗುರುತು ಪಕ್ಕದಲ್ಲಿದ್ದರೆ ಇರಲಿ ಬಿಡು, ಗುಂಡು ಮ್ಯಾಗಜೀನಿನಿಂದ ನಳಿಗೆಗೆ ಹತ್ತುವ ಇಳಿಜಾರಿನಲ್ಲಿ ಇರಬಾರದು. ಖಾಲಿ ತೋಟಾವನ್ನು ಹಿಡಿದೆಳೆಯುವ ಕೊಕ್ಕೆ ಉಗುರಿಗೆ ಚುರುಕ್ಕೆನ್ನಬೇಕು. ಮ್ಯಾಗಜೀನಿನ ಎರಡು ತುಟಿ ಸಮ ಇರಬೇಕು, ಅಗ್ಗದ ಪಿಸ್ತೂಲಿನ ಹತ್ತು ರೋಗದಲ್ಲಿ ಏಳು ಅಲ್ಲಿಯವೇ. ಇದೆಲ್ಲ ನೋಡಿದ ಮೇಲೆ ಹಿತ್ತಲ ಮಣ್ಣುದಿಬ್ಬಕ್ಕೆ ಇನ್ನೂರು ಗುಂಡು. ನಡುವೆ ಎಣ್ಣೆ ಹಾಕುವ ಹಾಗಿಲ್ಲ, ಒರೆಸುವ ಹಾಗಿಲ್ಲ. ಎರಡು ಸಲ ತಡವರಿಸಿದರೆ ಬಂದ ದಾರಿಗೆ ವಾಪಸ್ಸು. ಗೆದ್ದರೆ ಬೆರಳಿಂದ ಎಳೆಯುವ ಕುದುರೆಯ ಸುತ್ತಿನ ಬಳೆಗೆ ದಾರದಲ್ಲಿ ನನ್ನ ಬಿಳಿ ಚೀಟಿ. ತಾರೀಖು, ಎಷ್ಟು ಗುಂಡು, ಕೆಳಗೆ ನನ್ನ ಸಹಿ.

ನಲವತ್ತೊಂದು ವರ್ಷ ಮೂರು ಜಿಲ್ಲೆಯ ಜನ ಆ ಚೀಟಿ ನೋಡಿ ಕೊಂಡರು. “ಡಾರ್ಸಲ್ ಚೀಟಿ ಇದೆಯಾ? ಹಂಗಾದ್ರೆ ಕಟ್ಟಿಕೊಡು” ಅನ್ನುತ್ತಿದ್ದರು. ಪಿಸ್ತೂಲಿನ ಮುಖ ಕೂಡ ನೋಡುತ್ತಿರಲಿಲ್ಲ.

ಆ ನಲವತ್ತೊಂದು ವರ್ಷವೂ ಮ್ಯಾಗಜೀನ್ ತುಂಬಿಕೊಟ್ಟವಳು ನೀನು. ನೆಲಕ್ಕೆ ಬಿದ್ದ ಖಾಲಿ ತೋಟಾ ಗುಡಿಸಿ ಹಂದಿಕೊಬ್ಬು ತುಂಬಿ ಬಂದಿದ್ದ ಹಳೆಯ ತಗಡಿನ ಬಕೆಟ್ಟಿಗೆ ತುಂಬಿ, ತೊಳೆದು, ಅಳತೆಯ ಪ್ರಕಾರ ಬೇರೆ ಮಾಡಿದವಳೂ ನೀನೇ. ಯಾವಾಗಿನಿಂದಲೋ ಕೊನೆಯ ಮ್ಯಾಗಜೀನನ್ನು ನೀನು ಹೊಡೆಯಲು ಶುರುಮಾಡಿದೆ. ಹೊಡೆದು, ಅಡುಗೆಯ ಚೀಟಿಗಳ ಹಿಂಬದಿಯಲ್ಲಿ ಏನೋ ಗೀಚಿ, ಕಾಫಿ ಡಬ್ಬಕ್ಕೆ ಹಾಕುತ್ತಿದ್ದೆ. ನಿನ್ನ ಕೈಯಲ್ಲಿ ಕೆಲವು ಸಿಕ್ಕಿಕೊಳ್ಳುತ್ತಿದ್ದವು. ಖಾಲಿ ತೋಟಾ ಹೊರಗೆ ಹಾರದೆ ಸ್ಲೈಡಿನ ಬಾಯಲ್ಲಿ ಚಿಮಣಿಯ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. “ಡಾರ್ಸಲ್, ಇದು ನನಗೆ ಸಿಕ್ಕೊಂಡಿತು ನೋಡು” ಅನ್ನುತ್ತಿದ್ದೆ. ನಾನು ಅದೇ ಪಿಸ್ತೂಲು ಇಸಿದುಕೊಂಡು ಹತ್ತೂ ಗುಂಡು ಹಾರಿಸಿ, “ಪಿಸ್ತೂಲಿಗೇನೂ ಆಗಿಲ್ಲ ಕಣೇ, ನೀನು ಮಣಿಕಟ್ಟು ಸಡಿಲ ಬಿಡ್ತೀಯ” ಅನ್ನುತ್ತಿದ್ದೆ. ಗಿರಾಕಿಗಳಿದ್ದರೆ ಇನ್ನೂ ಸ್ವಲ್ಪ ಜೋರಾಗಿ. ಹೋಬರ್ಟ್ ನಗುತ್ತಿದ್ದ. ಅವನು ನಕ್ಕರೆ ನನಗೆ ಇನ್ನಷ್ಟು ಹುರುಪು ಬರುತ್ತಿತ್ತು, ಅದೂ ನಿಜ.

ನೀಲಿ ಡಬ್ಬಿಯವು ಆಗಸ್ಟಿನಲ್ಲಿ ಬಂದವು. ನೋಡಲು ಚೆಂದ, ಕೈಗೆ ಹಗುರ, ಬ್ಯಾಗಿನಲ್ಲಿ ಹಿಡಿಯುತ್ತದೆ. ಮೇಸಲ್ ಕಣ್ಣು ಹಾಕಿದಳು. “ಅವಳಿಗೆ ಅದು ಬೇಡ” ಎಂದು ನೀನು ಹೇಳಿದೆ. ಒಂದೇ ಸಲ ಹೇಳಿದೆ, ಪಾತ್ರೆ ತೊಳೆಯುತ್ತ, ನನ್ನ ಕಡೆ ತಿರುಗದೆ. ನಾನು ಚೀಟಿ ಕಟ್ಟಿ ಕೊಟ್ಟೆ. ಆ ಚೀಟಿಯ ವಿಷಯ ಆಮೇಲೆ.

ಅಕ್ಟೋಬರಿನಲ್ಲಿ ಚರ್ಚಿನ ಅಂಗಳದಲ್ಲಿ ಸೇಬಿನ ಗೊಜ್ಜು ಕುದಿಸಿದ ದಿನ ಏನಾಯಿತೆಂದು ಬರೆಯುವುದಿಲ್ಲ ಅಂದುಕೊಂಡಿದ್ದೆ. ಬರೆಯದೆ ಇದು ಮುಂದಕ್ಕೆ ಹೋಗುತ್ತಿಲ್ಲ. ತಾಮ್ರದ ಕೊಪ್ಪರಿಗೆಯ ಸುತ್ತ ಇಪ್ಪತ್ತು ಜನ, ಸೌಟು ತಿರುಗಿಸುವ ಸರದಿ ಮೇಸಲ್‌ಳದು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಮೆತ್ತಗೇ ಕೇಳಿದಳು: “ಡಾರ್ಸಲ್, ನೀನು ಕೊಟ್ಟದ್ದು ಎರಡು ಸಲ ಸಿಕ್ಕೊಂಡಿತಪ್ಪ. ಒಂದ್ಸಲ ನೋಡ್ತೀಯಾ?” ಅಷ್ಟೇ. ಸರಿ, ತಗೊಂಡು ಬಾ ಎಂದಿದ್ದರೆ ಮುಗಿಯುತ್ತಿತ್ತು. ನಾನು, “ಸತ್ತ ಇಲಿ ಬಾಲ ಹಿಡಿದಂಗೆ ಪಿಸ್ತೂಲು ಹಿಡಿದ್ರೆ ಇನ್ನೇನಾಗುತ್ತೆ? ನಿಮ್ಮ ಮನೆತನದ ಹೆಂಗಸರ ಕೈಯೇ ಹಂಗೆ” ಅಂದೆ. ಎಲ್ಲರೂ ನಕ್ಕರು. ಪಾದ್ರಿಯೂ ನಕ್ಕ, ಸುಳ್ಳು ಯಾಕೆ ಹೇಳಲಿ. ಮೇಸಲ್ ಸೌಟು ಕೊಟ್ಟು ಹೋಗಿ ಕಾರಿನಲ್ಲಿ ಕೂತಳು. ನೀನು ಏಪ್ರನ್ ಬಿಚ್ಚಿ, ಮಡಿಸಿ, ಬೆಂಚಿನ ಮೇಲಿಟ್ಟು ಅವಳ ಹಿಂದೆ ಹೋದೆ. ಮನೆಗೆ ಹೋಗಿ ಬಟ್ಟೆಬರೆ ಕಟ್ಟಿಕೊಂಡು, ಹೊರಡುವಾಗ ತೋಟಾದ ಬಕೆಟ್ಟನ್ನು ಖಾಲಿ ಮಾಡಿ ನನ್ನ ಕೆಲಸದ ಮೇಜಿನ ನಟ್ಟನಡುವೆ ಇಟ್ಟು ಹೋಗಿದ್ದೆ. ಒಂದು ಚೀಟಿಯಿಲ್ಲ, ಮಾತಿಲ್ಲ. ಹೆಂಡತಿ ಬಿಟ್ಟು ಹೋಗುವಾಗ ಬಕೆಟ್ಟು ಇಟ್ಟು ಹೋಗುವುದು ಏನು ಪದ್ಧತಿಯೋ ಎಂದು ಹೋಬರ್ಟ್‌ನ ಹತ್ತಿರ ಬೈದೆ.

ಜನವರಿಯಲ್ಲಿ ನನಗೆ ಲಕ್ವ ಹೊಡೆದದ್ದು ನಿನಗೆ ಗೊತ್ತು. ಆಸ್ಪತ್ರೆಯಲ್ಲಿ ನಾನು ನಿದ್ದೆಯಲ್ಲಿದ್ದಾಗ ಬಂದು ಕ್ಷೌರದ ಸಾಮಾನು ಇಟ್ಟು ಹೋದವಳು ಗಿಡ್ಡ ಹೆಂಗಸು, ಬೂದು ಕೋಟು, ಎಂದು ನರ್ಸಮ್ಮ ಹೇಳಿದಳು. ಎಬ್ಬಿಸಬಹುದಿತ್ತು. ಕಾಲು ಸರಿಯಾಯಿತು, ಬಾಯಿ ಸರಿಯಾಯಿತು (ಸರಿಯಾಗದಿದ್ದರೇ ಚೆನ್ನಾಗಿತ್ತು ಎಂದು ಹೋಬರ್ಟ್ ಅನ್ನುತ್ತಾನೆ), ಬಲಗೈ ಮಾತ್ರ ನೆನೆಸಿದ ರೊಟ್ಟಿ. ಹಿಸುಕು ಎಂದು ರಬ್ಬರ್ ಚೆಂಡು ಕೊಟ್ಟಿದ್ದಾರೆ. ಎಪ್ಪತ್ತನಾಲ್ಕು ವರ್ಷದ ಮನುಷ್ಯ ಟಿವಿ ಮುಂದೆ ಕೂತು ಚೆಂಡು ಹಿಸುಕಬೇಕು. ಎರಡು ಸಲ ಗೋಡೆಗೆ ಎಸೆದೆ. ನಾಯಿ ತಂದುಕೊಟ್ಟಿತು.

ಹೋದ ವಾರ ರಾಯ್ಸ್‌ನ ಮಗಳು ಬಂದಳು, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವವಳು. ಅವಳೂ ನೀಲಿ ಡಬ್ಬಿಯದೇ ಕೊಂಡಿದ್ದಾಳೆ, ಪೇಟೆಯಲ್ಲಿ. “ಡಾರ್ಸಲ್ ಮಾವಾ, ನಿಮ್ಮ ಚೀಟಿ ಇಲ್ಲದೆ ಅಪ್ಪ ಇಟ್ಕೋಬೇಡ ಅಂತಾರೆ” ಅಂದಳು. ನೀನು ಹೋದ ಮೇಲೆ ನಾನು ಒಂದೂ ಚೀಟಿ ಬರೆದಿರಲಿಲ್ಲ. ತುಂಬಿಕೊಡುವವರಿಲ್ಲ ಎಂದು ಸಬೂಬು ಹೇಳುತ್ತಿದ್ದೆ. ಈ ಹುಡುಗಿಗೆ ಇಲ್ಲ ಅನ್ನಲಾಗಲಿಲ್ಲ. ಅವಳನ್ನು ಕಳಿಸಿ ಹಿತ್ತಲಿಗೆ ಹೋಗಿ, ಪಿಸ್ತೂಲನ್ನು ಬಲಗೈಯಲ್ಲೇ ಹಿಡಿದು, ಎಡಗೈ ಆಸರೆ ಕೊಟ್ಟು ನಿಂತೆ. ಒಂದು. ಎರಡು. ಮೂರನೆಯದಕ್ಕೆ ಖಾಲಿ ತೋಟಾ ಚಿಮಣಿಯ ಹಾಗೆ ಎದ್ದು ನಿಂತು ನನ್ನ ಮುಖ ನೋಡಿತು.

ಮ್ಯಾಗಜೀನ್ ಬದಲಿಸಿದೆ. ಮೂರನೆಯದು. ಗುಂಡಿನ ಪೆಟ್ಟಿಗೆ ಬದಲಿಸಿದೆ, ದುಬಾರಿಯದು ಹಾಕಿದೆ. ನಾಲ್ಕನೆಯದು. ಇಳಿಜಾರು ತಿಕ್ಕಿ ಕನ್ನಡಿ ಮಾಡಿದೆ, ಸ್ಪ್ರಿಂಗು ಬದಲಿಸಿದೆ, ಕೊಕ್ಕೆ ಬದಲಿಸಿದೆ, ತಯಾರಿಸಿದವನ ಅಜ್ಜನವರೆಗೂ ಬೈದೆ. ಮತ್ತೆ ಮೂರು. ಅಷ್ಟರಲ್ಲಿ ಹೋಬರ್ಟ್ ಪೆಪ್ಪರೋನಿ ಬನ್ನು ತಿನ್ನುತ್ತ ಬಂದ. ಅವನ ಕೈ ನಿನಗೆ ಗೊತ್ತಲ್ಲ, ಬೇಲಿಗಂಬ. ಬನ್ನನ್ನು ಬಾಯಲ್ಲಿ ಕಚ್ಚಿಕೊಂಡು ಐವತ್ತು ಹೊಡೆದ. ಐವತ್ತೂ ಹಾರಿದವು. ಬನ್ನು ತೆಗೆದು, ನಕ್ಕು, “ಪಿಸ್ತೂಲಿಗೇನೂ ಆಗಿಲ್ಲ ಕಣೋ ಡಾರ್ಸಲ್, ನೀನು ಮಣಿಕಟ್ಟು ಸಡಿಲ ಬಿಡ್ತೀಯ” ಅಂದ.

ಅವನನ್ನು ಹೊಡೆಯುತ್ತಿದ್ದೆ, ಅಷ್ಟು ಗುಂಡು ಹಾರಿಸಿ ಸೋತ ಬಲಗೈ ಆಸರೆಯಿಲ್ಲದೆ ಮೇಲೇಳಲಿಲ್ಲ. “ಹೋಗೋ ಮನೆಗೆ” ಅಂದೆ. ಅವನಿಗೂ ಏನೋ ತಿಳಿಯಿತು, ಪಾಪ, ಬನ್ನಿನ ಉಳಿದರ್ಧ ಬೆಂಚಿನ ಮೇಲಿಟ್ಟು ಹೋದ. ನಾನು ನಿನ್ನ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತೆ.

ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ, ಕೈ ಗಟ್ಟಿ ನಿಂತರೆ ಸ್ಲೈಡ್ ಪೂರ್ತಿ ಹಿಂದೆ ಹೋಗಿ ಖಾಲಿಯನ್ನು ಎಸೆದು ಹೊಸದನ್ನು ತರುತ್ತದೆ. ಕೈಯೂ ಜೊತೆಗೆ ಹಿಂದೆ ಹೋದರೆ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತದೆ. ಇದು ನನಗೆ ಇಪ್ಪತ್ತು ವರ್ಷದವನಿದ್ದಾಗಿನಿಂದ ಗೊತ್ತು. ಗೊತ್ತಿದ್ದೂ ತಪ್ಪು ಕೈಯದು ಎಂದೇ ನಲವತ್ತೊಂದು ವರ್ಷ ಹೇಳಿದೆ. ಅಗ್ಗದ ಪಿಸ್ತೂಲು ಕೊಳ್ಳುವವರಲ್ಲಿ ಹೋಬರ್ಟ್‌ನ ಕೈ ಇರುವವರು ಎಷ್ಟು ಜನ? ಹೋಬರ್ಟ್‌ಗೆ ಪಿಸ್ತೂಲೇ ಬೇಡ, ಅವನು ಬಾಗಿಲು ತೆರೆದು ನಿಂತರೆ ಸಾಕು ಕಳ್ಳ ಕ್ಷಮೆ ಕೇಳುತ್ತಾನೆ. ಕೊಳ್ಳುವವರದು ನಿನ್ನ ಕೈ, ಮೇಸಲ್‌ಳ ಸಂಧಿವಾತದ ಕೈ, ಹೆದರಿ ನಡುಗುವ ಕೈ. ನಾನು ಅವರ ಪಿಸ್ತೂಲನ್ನು ನನ್ನ ಕೈಯಲ್ಲಿ ಅಳೆದು ಅವರಿಗೆ ಮಾರಿದೆ.

ಕಾಫಿ ಡಬ್ಬ ಹುಡುಕಲು ಎರಡು ದಿನ ಹಿಡಿಯಿತು. ನೀನು ಒಗೆಯುವ ಸೋಡಾದ ಹಿಂದೆ ಇಟ್ಟಿದ್ದೆ, ನಾನು ಮುಟ್ಟುವುದಿಲ್ಲವೆಂದು ಗೊತ್ತಿರುವ ಜಾಗ. ಇನ್ನೂರ ಹದಿಮೂರು ಚೀಟಿ. ಒಂದು ಬದಿ ಜೋಳದ ರೊಟ್ಟಿ, ಹುರುಳಿಕಾಯಿ ಉಪ್ಪಿನಕಾಯಿ, ನಿಮ್ಮಮ್ಮನ ವಿನಿಗರ್ ಕಡುಬು. ಇನ್ನೊಂದು ಬದಿ ಪಿಸ್ತೂಲು. ನಿನ್ನ ಬರಹ ನನ್ನ ಹಾಗೆ ಬಡಾಯಿಯದಲ್ಲ. “ಕುದುರೆ ಗಟ್ಟಿ, ಬೆರಳು ನೋವು. ಆದರೆ ನಿಲ್ಲುವುದಿಲ್ಲ.” “ಚೆಂದ. ಸುಳ್ಳುಗಾರ.” “ಬಿಳಿ ಡಬ್ಬಿಯದು: ಕುರೂಪಿ, ಇಟ್ಟಿಗೆಯಷ್ಟು ಭಾರ. ಸಡಿಲ ಹಿಡಿದೆ, ಒಂದೇ ಕೈಯಲ್ಲಿ ಹಿಡಿದೆ, ಎಡಗೈಯಲ್ಲಿ ಹಿಡಿದೆ. ಐವತ್ತಕ್ಕೆ ಐವತ್ತು. ಮೇಸಲ್‌ಗೆ ಇದು ಕೊಡಬೇಕು.” ಸಡಿಲ ಹಿಡಿದೆ! ಬೇಕೆಂದೇ ಹಿಡಿಯುತ್ತಿದ್ದೆಯಾ? ಒಂದು ಸಲ ಬಾಯಿಬಿಟ್ಟು ಹೇಳಬಾರದಿತ್ತಾ? ಹೇಳಿದ್ದೆಯೇನೋ. ನಾನು ಹೋಬರ್ಟ್ ನಗುವುದನ್ನು ಕಾಯುತ್ತಿದ್ದೆನೇನೋ.

ಕಪಾಟಿನಲ್ಲಿ ನಾಲ್ಕು ಬಗೆಯವು ಇದ್ದವು, ನಾಲ್ಕಕ್ಕೂ ನಿನ್ನ ಚೀಟಿ ಇತ್ತು. ಈ ಸತ್ತ ಕೈಯಲ್ಲಿ ನಾಲ್ಕನ್ನೂ ಹೊಡೆದೆ. ನೀನು ಹೌದು ಅಂದ ಎರಡು ಓಡಿದವು. ಬೇಡ ಅಂದ ಎರಡು ನಿಂತವು. ನಾನು ನಾಲ್ಕಕ್ಕೂ ಚೀಟಿ ಕಟ್ಟಿದ್ದೆ. ರಾಯ್ಸ್‌ನ ಮಗಳ ಪಿಸ್ತೂಲನ್ನು ಚೀಟಿಯಿಲ್ಲದೆ ವಾಪಸ್ಸು ಕೊಟ್ಟೆ. “ಯಾಕೆ ಮಾವಾ, ಕೆಟ್ಟುಹೋಗಿದೆಯಾ?” ಅಂದಳು. “ಇಲ್ಲಮ್ಮ, ನಿನ್ನ ಕೈಗೆ ಆಗಲ್ಲ” ಅಂದರೆ ಬೇಜಾರು ಮಾಡಿಕೊಳ್ಳುತ್ತಾಳೆಂದು, “ಅದು ನಿನಗೆ ಯೋಗ್ಯವಲ್ಲ” ಅಂದೆ. ಅವಳಿಗೂ ನಿನ್ನ ಕುರೂಪಿಯನ್ನೇ ಹೇಳಿದ್ದೇನೆ.

ಆದ್ದರಿಂದ ಶನಿವಾರ ಬೆಳಗ್ಗೆ ಹೋಬರ್ಟ್ ಬರುತ್ತಾನೆ. ಬಿಳಿ ಡಬ್ಬಿಯದನ್ನು ತರುತ್ತಾನೆ, ನೀಲಿ ಡಬ್ಬಿಯದನ್ನು ಅವನ ಕೈಗೆ ಕೊಡು. ದುಡ್ಡಿನ ಮಾತು ಮೇಸಲ್ ಎತ್ತಬಾರದು. ಹಿಡಿ ಅವಳ ಬೆರಳಿಗೆ ದಪ್ಪವಾಗುತ್ತದೆಂದು ಸ್ವಲ್ಪ ಅರ ಹಾಕಿದ್ದೇನೆ, ಎಡಗೈಯಲ್ಲಿ, ಆದ್ದರಿಂದ ಇನ್ನಷ್ಟು ಕುರೂಪಿಯಾಗಿದೆ. ಅವಳು ಗೊಣಗಿದರೆ ಗೊಣಗಲಿ.

ನೀನು ಬಾ ಎಂದು ಬರೆಯುವುದಿಲ್ಲ. ಬಿಟ್ಟುಹೋದವಳನ್ನು ಕರೆಯಲು ಯಾವ ಮುಖ? ನಾಯಿ ಮಾತ್ರ ನಿಂತ ಗಾಡಿಯಲ್ಲೂ ನಿನ್ನ ಸೀಟು ಬಿಟ್ಟು ನಡುವೆ ಕೂರುತ್ತದೆ, ಎಷ್ಟು ಬೈದರೂ ಕೇಳುವುದಿಲ್ಲ.

ನಿನ್ನ (ಈ ಪದ ಬೇಡವಾದರೆ ಹೊಡೆದುಹಾಕು)
ಡಾರ್ಸಲ್

ಮತ್ತೆ ಬರೆದದ್ದು: ಲಕೋಟೆ ಅಂಟಿಸಿ, ಬಿಚ್ಚಿ, ಇದನ್ನು ಸೇರಿಸುತ್ತಿದ್ದೇನೆ.

ಮೇಸಲ್‌ಳ ಚೀಟಿಯಲ್ಲಿ ಇನ್ನೂರು ಗುಂಡು ಎಂದಿದೆ. ಒಂದೂ ಹೊಡೆದಿರಲಿಲ್ಲ. ಕೈ ಜನವರಿಯಲ್ಲಿ ಹೋದದ್ದಲ್ಲ, ಆಗಸ್ಟಿನಲ್ಲೇ ಬೆರಳು ಮರಗಟ್ಟಿತ್ತು, ಹತ್ತು ಗುಂಡಿಗೆ ನಡುಗುತ್ತಿತ್ತು. ನೀನು ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋದ ಹೊತ್ತಿನಲ್ಲಿ ನಾನೇ ಹೊಡೆದು ಮುಗಿಸಿದೆ ಎಂದು ಹೇಳಿ ಸಹಿ ಹಾಕುತ್ತಿದ್ದೆ. ಸಹಿಗೆ ಮುಂಚೆ ಮೇಜಿನ ಮೇಲಿದ್ದ ನಿನ್ನ ಚೀಟಿಯನ್ನೂ ಓದಿದ್ದೆ: “ನೀಲಿ: ಮೂರನೆಯದಕ್ಕೆ ನಿಲ್ಲುತ್ತದೆ. ಸಣ್ಣ ಕೈಗೆ ಬೇಡ.” ಓದಿಯೂ ಕಟ್ಟಿದೆ. ಗುಡಿಸುವವಳು ನೀನು. ಗುಡಿಸಲು ಏನೂ ಬೀಳುತ್ತಿಲ್ಲ ಎಂದು ನಿನಗೆ ಆಗಲೇ ತಿಳಿದಿತ್ತು. ಬಕೆಟ್ಟಿನ ಅರ್ಥ ನನಗೆ ಅವತ್ತೇ ಆಗಿತ್ತು ವಿಲ್ಡಾ. ನೀನು ಹೋದದ್ದು ಸತ್ತ ಇಲಿಯ ಮಾತಿಗಲ್ಲ.

ಅಂಥ ಚೀಟಿ ಹನ್ನೊಂದು. ಈ ವಾರ ಸಂಜೆ ಸಂಜೆ ಹೋಬರ್ಟ್‌ನ ಗಾಡಿಯಲ್ಲಿ ಹೋಗಿ ಹತ್ತು ಮನೆಯ ಬಾಗಿಲಲ್ಲಿ ನಿಂತು ಹೇಳಿ ಚೀಟಿ ವಾಪಸ್ಸು ಇಸಿದುಕೊಂಡೆ. ಇಬ್ಬರು ಬೈದರು, ಒಬ್ಬಳು ಕಾಫಿ ಕೊಟ್ಟಳು. ಕಾಫಿಯೇ ಹೆಚ್ಚು ಸುಟ್ಟಿತು. ಉಳಿದದ್ದು ನಿಮ್ಮ ಬಾಗಿಲು.

ಶನಿವಾರ ಗಾಡಿ ಓಡಿಸುವವನು ಹೋಬರ್ಟ್, ಇಳಿದು ಬರುವವನು ನಾನು. ಬಂದೂಕಿನ ತೋಟಾ ಮಾತ್ರ ಅಷ್ಟು ಹೊತ್ತು ತೆಗೆದಿಡು. ಮೇಸಲ್‌ಗೆ ನನ್ನನ್ನು ಕಂಡು ತಡೆಯಲಾಗದಿದ್ದರೆ ನೀಲಿ ಡಬ್ಬಿಯದನ್ನೇ ತುಂಬಿ ಕೊಡು. ಅವಳಿಗೆ ಸಿಗುವುದು ಎರಡೇ ಗುಂಡು. ಮೂರನೆಯದಕ್ಕೆ ನಿಲ್ಲುತ್ತದೆ, ನೀನು ಬರೆದಿದ್ದೀಯ.